ಅಚ್ಚಿನಲ್ಲಿ ಇಲ್ಲದ ಸಾಲು

ಮೊಮ್ಮಗಳು ಲೈಬ್ರರಿಯಿಂದ ತಂದಿದ್ದ ಕಾದಂಬರಿಯನ್ನು ಮಡಿಲಲ್ಲಿಟ್ಟುಕೊಂಡು ರಬ್ಬರಿನಿಂದ ಉಜ್ಜುತ್ತ ಕೂತಿದ್ದೆ. ಓದುವುದು ಬಿಟ್ಟು ಇದೇನು ಕೆಲಸ ಎನ್ನಬೇಡಿ. ಪುಸ್ತಕದ ಅಂಚಿನ ತುಂಬ ಹಿಂದೆ ಓದಿದವರು ಪೆನ್ಸಿಲಿನಲ್ಲಿ ಗೀಚಿದ್ದರು. ಎಂಜಲು ತಟ್ಟೆ ಕಂಡರೆ ಹೇಗೋ, ಅದನ್ನು ಕಂಡರೂ ನನಗೆ ಹಾಗೇ, ತೊಳೆದಿಡುವವರೆಗೆ ಸಮಾಧಾನವಿಲ್ಲ.

ಅದು ಭದ್ರಾವತಿಯ ಕಾರ್ಖಾನೆ ಶುರುವಾದ ಕಾಲಕ್ಕೆ ಬೇರೆ ಸೀಮೆಗಳಿಂದ ಬಂದ ಸಂಸಾರಗಳ ಕಥೆ. 'ಸುಳ್ಳು. ನಮ್ಮಜ್ಜಿ ಬಂದದ್ದು ರೈಲಿನಲ್ಲಿ, ಎತ್ತಿನ ಗಾಡಿಯಲ್ಲಲ್ಲ' ಎಂದು ಒಬ್ಬರು ಬರೆದಿದ್ದರು. 'ಊಟ ಮಾಡಿ ಮುಂದಿನ ಪುಟ ಓದಿ, ಆಮೇಲೆ ಊಟ ಸೇರುವುದಿಲ್ಲ' ಎಂದು ಇನ್ನೊಬ್ಬರು. ನಗುತ್ತಲೇ ಎರಡನ್ನೂ ಅಳಿಸಿದೆ. ತಾಯಿಯೊಬ್ಬಳು ಮಗಳನ್ನು ಊರಲ್ಲೇ ಬಿಟ್ಟು ರೈಲು ಹತ್ತುವ ಪುಟದಲ್ಲಿ ಯಾರೋ ಒತ್ತಿ ಒತ್ತಿ ಬರೆದಿದ್ದರು: 'ನಮ್ಮಪ್ಪ ಆಮೇಲೆ ಬಂದು ನನ್ನನ್ನು ಕರೆದುಕೊಂಡು ಹೋದರು.' ಕೈ ಅಭ್ಯಾಸಬಲದಿಂದ ಅದನ್ನೂ ಉಜ್ಜಿಬಿಟ್ಟಿತು. ಉಜ್ಜಿದ ಮೇಲೆ ನನಗೆ ಅಲಮೇಲು ನೆನಪಾದಳು.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು. ನಾನು ಶಿವಮೊಗ್ಗದ ಹುಡುಗಿ. ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದ ನಮ್ಮವರ ಕೈಹಿಡಿದು ಭದ್ರಾವತಿಗೆ ಬಂದಿದ್ದೆ. ಸಾಲುಮನೆಗಳ ಒಂದು ಓಣಿ. ಎಡಗಡೆ ಹೊಳೆಹೊನ್ನೂರಿನ ಗಂಗಮ್ಮ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಬಾಯಿಯೂ ಅಷ್ಟೇ ದೊಡ್ಡದು. ಬಲಗಡೆ ಸೇಲಂ ಕಡೆಯ ಅಲಮೇಲು. ಅವಳ ಗಂಡನಿಗೆ ಕುಲುಮೆಯ ಹತ್ತಿರ ಕೆಲಸ. ಓಣಿಯ ಹೆಂಗಸರಲ್ಲಿ ಓದು ಬರುತ್ತಿದ್ದವಳು ನಾನೊಬ್ಬಳೇ. ಅದರ ಜಂಬ ನನಗೆ ಸಾಕಷ್ಟಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ನಮ್ಮಣ್ಣ ಶಿವಮೊಗ್ಗದ ವಾಚನಾಲಯದಿಂದ ನನಗೆ ಪುಸ್ತಕ ಕಳಿಸುತ್ತಿದ್ದ. ಒಮ್ಮೆ ರಟ್ಟು ಕಿತ್ತುಹೋದ, ಹೆಸರೇ ಇಲ್ಲದ ಒಂದು ದಪ್ಪ ಕಾದಂಬರಿ ಬಂತು. ರಾಜರ ಕಾಲದ ಕಥೆ. ಯುದ್ಧಕ್ಕೆ ಹೆದರಿ ನೇಕಾರರ ಸಂಸಾರವೊಂದು ತಮಿಳು ಸೀಮೆಯಿಂದ ಕನ್ನಡ ನಾಡಿಗೆ ನಡೆದು ಬರುತ್ತದೆ. ಮಧ್ಯಾಹ್ನ ಪಾತ್ರೆ ತೊಳೆದು ಕವುಚಿಟ್ಟ ಮೇಲೆ ನಮ್ಮ ಜಗಲಿಯಲ್ಲಿ ಓದು. ಗಂಗಮ್ಮ ಅಕ್ಕಿ ಆರಿಸುತ್ತ, ಅಲಮೇಲು ಹೂ ಕಟ್ಟುತ್ತ ಕೇಳುವರು. ಸಾಲು ತಪ್ಪದಿರಲೆಂದು ನಾನು ಬೆರಳಿಟ್ಟು ಓದುತ್ತಿದ್ದೆ.

ಅವರು ಕೇಳುತ್ತಿದ್ದ ರೀತಿಯನ್ನು ಏನು ಹೇಳಲಿ! ಕಥೆಯ ಅತ್ತೆ ಸೊಸೆಗೆ ತಂಗಳು ಹಾಕಿದರೆ ಗಂಗಮ್ಮ ಮೊರ ಕೆಳಗಿಟ್ಟು ಬೈಯುವರು. ಅವರು ಉಪ್ಪು ಕಟ್ಟಿಕೊಳ್ಳಲು ಮರೆತರೆಂದರೆ ಅಲಮೇಲು, "ಉಪ್ಪು ಮರೆಯೋದಿಲ್ಲ ಅಕ್ಕಾ. ಊರು ಬಿಡೋವ್ರು ಮೊದ್ಲು ಕಟ್ಟೋದೇ ಉಪ್ಪು, ಹುಣಸೆಹಣ್ಣು. ಬರೆದೋರು ಯಾವತ್ತೂ ಊರು ಬಿಟ್ಟಿಲ್ಲ" ಎಂದು ತೀರ್ಪು ಕೊಡುವಳು.

ನಾಲ್ಕನೆಯ ದಿನವೋ ಐದನೆಯ ದಿನವೋ, ಹೊರಡುವ ಹೊತ್ತಿಗೆ ಹಿರಿಮಗಳು ಚಿನ್ನಿಗೆ ಜ್ವರ ಬಂದದ್ದು, ಅವಳನ್ನು ಅಜ್ಜಿಯ ಹತ್ತಿರ ಬಿಟ್ಟು ಉಳಿದವರು ನಡೆದದ್ದು ಬಂತು. ಗಂಗಮ್ಮ ಕೆಂಡವಾದರು.

"ಥೂ, ಎಂಥಾ ತಾಯಿಯೇ ಅವ್ಳು! ಜ್ವರದ ಕೂಸು ಬಿಟ್ಟು ಹೋಗೋವ್ಳು ಎಲ್ಲಾದ್ರೂ ಇರ್ತಾಳೇನೇ ಮಾರಾಯ್ತಿ?"

ಅಲಮೇಲು ಹೂವಿನ ನಾರನ್ನು ಬೆರಳಿಗೆ ಸುತ್ತಿ ಬಿಗಿದಳು. ಆಮೇಲೆ, "ಇರ್ತಾಳೆ ಅಕ್ಕಾ. ನಾನೇ" ಎಂದಳು.

ಅವಳಿಗೆ ಸೆಲ್ವಿ ಎಂಬ ಮಗಳಿರುವುದು ನಮಗೆ ಗೊತ್ತಾದದ್ದು ಆಗಲೇ. ರೈಲು ಹತ್ತುವ ದಿನವೇ ಮಗುವಿಗೆ ಸಿಡುಬು, ಅಮ್ಮ ಎದ್ದಿತ್ತು. ಅಲಮೇಲುವಿನ ತವರಿನಲ್ಲಿ ಬಿಟ್ಟರು. ಅಮ್ಮ ಇಳಿದ ಮೇಲೆ ಕರೆಸುವುದೆಂದರು. ಐದು ವರ್ಷವಾಯಿತು. ಗಂಡ ಪ್ರತಿ ಸಲವೂ ಮುಂದಿನ ಬೇಸಿಗೆ ಎನ್ನುತ್ತಾನೆ. ಮಗಳಿಗೀಗ ಒಂಬತ್ತು.

ಗಂಗಮ್ಮನವರ ಮುಖ ಸಣ್ಣದಾಯಿತು. ಬಾಯಿ ದೊಡ್ಡದಾದರೂ ಕರುಳು ಅದಕ್ಕಿಂತ ದೊಡ್ಡದು. ಆ ಶನಿವಾರ ತಾವೇ ಅಲಮೇಲುವನ್ನು ನರಸಿಂಹಸ್ವಾಮಿ ಗುಡಿಗೆ ಕರೆದೊಯ್ದು ಹರಕೆ ಹೊರಿಸಿ ಬಂದರು. ಯಾರ ಹೆಸರಿನಲ್ಲಿ ಅಂತೀರಿ? ಚಿನ್ನಿಯ ಹೆಸರಿನಲ್ಲಿ! ಕಥೆಯ ಹುಡುಗಿ ತಾಯಿಯನ್ನು ಸೇರಿದರೆ ಸ್ವಾಮಿಗೆ ಪಾನಕ ಕೋಸಂಬರಿ. ಚಿನ್ನಿ ಬಂದರೆ ಸೆಲ್ವಿಯೂ ಬಂದ ಹಾಗೆ ಎಂದು ಅಲಮೇಲು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಳು. ಅರಿಶಿನದ ಬಟ್ಟೆಯಲ್ಲಿ ಹಿಡಿ ಅಕ್ಕಿ ಕಟ್ಟಿ ದೇವರ ಪಟದ ಕೆಳಗಿಟ್ಟಿದ್ದಳು.

ಆ ಸಂಜೆ ನಮ್ಮವರು ಪುಸ್ತಕ ತಿರುವಿ ಕೊನೆಯ ಪುಟ ಓದಿ, "ಲೇ, ಆ ಹುಡುಗಿ ಸಿಗೋದೇ ಇಲ್ಲ ಕಣೇ. ಅಪ್ಪ ವಾಪಸು ಹೋಗೋ ಹೊತ್ತಿಗೆ ಊರೇ ಪಾಳು ಬಿದ್ದಿರುತ್ತೆ" ಎಂದರು.

"ಹರಕೆ ಹೊತ್ತಿದ್ದಾರೆ ರೀ!"

"ಅಚ್ಚಾಗಿ ಬಂದಿರೋದಕ್ಕೆ ಈಗ ಹರಕೆ ಹೊತ್ರೆ ದೇವರಾದ್ರೂ ಏನೇ ಮಾಡ್ತಾನೆ?"

ಹೌದಲ್ಲ! ಓದಿದವಳು ನಾನು, ಹರಕೆಯ ಮಾತೆತ್ತಿದಾಗ ಪಕ್ಕದಲ್ಲೇ ಇದ್ದೆ, ಅಷ್ಟು ಹೇಳಲು ನನಗೇ ಹೊಳೆದಿರಲಿಲ್ಲ. ಸಂಜೆ ದೀಪ ಹಚ್ಚಿ ಆ ದಿನದ ಪುಣ್ಯಗಳನ್ನು ಬೆರಳಲ್ಲಿ ಎಣಿಸುವುದು ನನ್ನ ಪದ್ಧತಿ. ಹಾಲು ಒಡೆಯಲಿಲ್ಲ, ಒಂದು. ನಮ್ಮ ಮಗುವಿನ ಕೆಮ್ಮು ಇಳಿಯಿತು, ಎರಡು. ಆ ವಾರ ಎಣಿಸಲು ಕೂತರೆ ಮೂರನೆಯ ಬೆರಳಿಗೆ ಹೋಗಲೇ ಆಗುತ್ತಿರಲಿಲ್ಲ.

ಕೊನೆಯ ಪುಟದ ದಿನ ಬಂದೇ ಬಂತು. ಅಲಮೇಲು ತಲೆಗೆ ಸ್ನಾನ ಮಾಡಿ ಬಂದು ಕೂತಿದ್ದಳು. ಅಪ್ಪ ಹಳೆಯ ಊರಿನ ಹಾದಿ ಹಿಡಿದ ಎಂಬಲ್ಲಿಯವರೆಗೆ ಓದಿದೆ. ಮುಂದಿನ ಸಾಲು ಕಣ್ಣಿಗೆ ಬಿತ್ತು. ಸ್ವಾಮಿ ಕ್ಷಮಿಸಲಿ ಎಂದುಕೊಂಡು, ಪುಸ್ತಕ ನೋಡುತ್ತಲೇ ಹೇಳಿದೆ: "ಬಾಗಿಲಲ್ಲಿ ಚಿನ್ನಿ ನಿಂತಿದ್ದಳು. ಅಪ್ಪ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕರೆತಂದ." ಗಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ಅಲಮೇಲು ಹೂವಿನ ಬುಟ್ಟಿ ಎತ್ತಿಕೊಂಡು ಎದ್ದು ಹೋದಳು. ಶನಿವಾರ ಸ್ವಾಮಿಗೆ ಹರಕೆ ತೀರಿಸಿ ಓಣಿಗೆಲ್ಲ ಪಾನಕ ಹಂಚಿದಳು. ನನ್ನ ಲೋಟದ ಪಾನಕವನ್ನು ನಮ್ಮವರ ಲೋಟಕ್ಕೆ ಸುರಿದೆ.

ಮರುವಾರವೇ ಅವಳ ಗಂಡ ರಜೆ ಹಾಕಿ ಊರಿಗೆ ಹೋದ. ಹದಿನೈದು ದಿನಕ್ಕೆ ಅವನ ಹಿಂದೆ, ಎರಡು ಜಡೆಯ, ಕೆನ್ನೆಯ ಮೇಲೆ ಸಿಡುಬಿನ ಕಲೆಗಳಿದ್ದ ಹುಡುಗಿಯೊಂದು ಓಣಿಯೊಳಗೆ ಬಂತು. ಅಲಮೇಲು ಅಳುತ್ತಾಳೆಂದು ನಾವೆಲ್ಲ ನಿಂತಿದ್ದರೆ ಅವಳು, "ತಲೆಗೆ ಎಣ್ಣೆ ಹಾಕೋರೇ ಇರ್ಲಿಲ್ವಾ ನಿಂಗೆ?" ಎಂದು ಮಗಳನ್ನು ಬೈಯುತ್ತ ಒಳಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಳು.

ನನಗೆ ತಡೆಯಲಾಗಲಿಲ್ಲ. ಮಾರನೆಯ ದಿನ ತಪ್ಪೊಪ್ಪಿಕೊಂಡೆ. "ಅಲಮೇಲು, ಪುಸ್ತಕದಲ್ಲಿ ಹಾಗಿರಲಿಲ್ಲ ಕಣೇ. ನಾನೇ ಸುಳ್ಳು ಓದಿದೆ."

"ಗೊತ್ತು ಅಕ್ಕಾ."

"ಗೊತ್ತಾ?"

"ದಿನಾ ನಿಮ್ಮ ಬೆರಳು ಓಡ್ತಿತ್ತು. ಅವತ್ತು ನಿಂತೇಬಿಡ್ತು."

"ಮತ್ತೆ ಯಾಕೆ ಕೇಳಲಿಲ್ಲ?"

"ಕೇಳಿದ್ರೆ ನೀವು ಇದ್ದಿದ್ದು ಓದಿಬಿಡ್ತಿದ್ರಿ." ಅವಳು ನಕ್ಕಳು. "ನಮ್ಮ ಮನೆಯವ್ರಿಗೆ ಓದು ಬರಲ್ಲ ಅಲ್ವಾ? ನೋಡಿ, ಕಥೆಯಲ್ಲಿ ಆ ಗಂಡಸು ಹೋಗಿ ಮಗಳನ್ನ ಕರ್ಕೊಂಡ್ಬಂದ, ಪುಸ್ತಕದಲ್ಲೇ ಅಚ್ಚಾಗಿದೆ ಅಂದೆ. ಎರಡು ದಿನ ಮಾತಾಡ್ಲಿಲ್ಲ. ಮೂರನೇ ದಿನ ರಜಾ ಕೇಳಿದ್ರು."

"ಸುಳ್ಳು ಅಂತ ಗೊತ್ತಿದ್ದೂ ಹರಕೆ ತೀರಿಸಿದೆಯಲ್ಲೇ!"

"ಸ್ವಾಮಿಗೆ ಹೇಳ್ದೆ, ಕಥೆಯವಳ ಪಾನಕ ಮೊದ್ಲೇ ಕೊಟ್ಟಿದೀನಿ, ಈಗ ನನ್ನವಳನ್ನ ಕೊಡು ಅಂತ."

ಪುಸ್ತಕ ಹಿಂದಿರುಗಿಸೆಂದು ಅಣ್ಣ ಎರಡು ಕಾಗದ ಬರೆದಿದ್ದ. ಕಟ್ಟಿಡುವಾಗ ಅಲಮೇಲು ಬಂದು ನನ್ನ ಕೈ ಹಿಡಿದಳು. "ಅಕ್ಕಾ, ಹುಡುಗಿ ಬಂದ್ಳು ಅಂತ ಅದರಲ್ಲಿ ಬರೀರಿ. ಮುಂದೆ ಓದೋರ ಹತ್ರಾನೂ ನನ್ನ ಹಾಗೆ ಕೇಳೋರು ಯಾರಾದ್ರೂ ಇರ್ತಾರೆ." ವಾಚನಾಲಯದ ಪುಸ್ತಕದಲ್ಲಿ ಬರೆಯುವುದೇ? ಮಡಿ ನೀರಿಗೆ ಕೈ ಅದ್ದಲು ಹೇಳಿದ ಹಾಗೆ ಹಿಂಜರಿದೆ. ಕೊನೆಗೆ ನಮ್ಮವರ ಪೆನ್ಸಿಲು ತಂದು, ಕೊನೆಯ ಸಾಲಿನ ಕೆಳಗೆ ಸಣ್ಣದಾಗಿ ಬರೆದೆ: 'ಹುಡುಗಿ ಬಂದಳು. ಚೆನ್ನಾಗಿದ್ದಾಳೆ.' ಆ ಸಂಜೆ ಐದೂ ಬೆರಳು ಎಣಿಕೆಗೆ ಸಾಲದೆ ಹೋದವು.

ಇದನ್ನೆಲ್ಲ ಹೇಗೆ ಮರೆತೆನೋ! ತಾವು ಮಾಡಿದ ತಪ್ಪು ನೆನಪಿಲ್ಲದವರೇ ಬೇರೆಯವರ ತಪ್ಪನ್ನು ಉಜ್ಜಲು ಕೂರುವುದೇನೋ. ಮೊಮ್ಮಗಳ ಪುಸ್ತಕದ ಆ ಸಾಲನ್ನು ಸೆಲ್ವಿಯೇ ಬರೆದಳೆಂದು ನಾನು ಹೇಳಲಾರೆ. ಅಲಮೇಲುವಿನ ಸಂಸಾರ ಕೆಲಸದ ಮೇಲೆ ಬೇರೆ ಊರಿಗೆ ಹೋಗಿ ಎಷ್ಟೋ ಕಾಲವಾಯಿತು. ಮತ್ತೆ ಹಾಗೆ ಹೋಗಿ ಮಗಳನ್ನು ಕರೆತಂದ ಅಪ್ಪ ಅವಳ ಅಪ್ಪನೊಬ್ಬನೇ ಇರಲಾರ.

ರಬ್ಬರನ್ನು ಡಬ್ಬಿಗೆ ಹಾಕಿ, ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕಪ್ಪು ಹೋಗಿದ್ದರೂ ಅಕ್ಷರಗಳ ತಗ್ಗು ಕಾಗದದಲ್ಲಿ ಹಾಗೇ ಉಳಿದಿತ್ತು. ಬರೆದವರು ಒತ್ತಿ ಬರೆದಿದ್ದರಲ್ಲ, ಇವತ್ತಿನ ಮೊದಲ ಪುಣ್ಯ ಅದೇ. ಮೊಮ್ಮಗಳ ಪೆನ್ಸಿಲು ತೆಗೆದುಕೊಂಡು, ಆ ತಗ್ಗಿನಲ್ಲೇ, ಒಂದಕ್ಷರವೂ ಹೆಚ್ಚುಕಡಿಮೆಯಾಗದಂತೆ ತಿದ್ದುತ್ತ ಹೋದೆ.