ಹೆಸರಿನ ಮೇಲೆ ಕಲಾಯಿ

ಏಕಾಂತಪ್ಪ ಮೊದಲ ಸಲ ಹಾಲಮ್ಮನ ಮನೆಗೆ ಬಂದದ್ದು ಹಂಡೆ ಕೇಳುವುದಕ್ಕಲ್ಲ. ಬಂದವರೆಲ್ಲ ಹಂಡೆ ಕೇಳುವುದಕ್ಕೇ ಬರುತ್ತಿದ್ದರಿಂದ ಅವಳು ತಲೆ ಎತ್ತದೆ, "ಮದುವೆ ಯಾವತ್ತು? ಎಷ್ಟು ಎಲೆ?" ಎಂದಳು.

"ಮದುವೆ ಅಲ್ಲ ಅಕ್ಕಾ, ಸಮುದ್ರ," ಎಂದ ಅವನು.

ಅದು ಸಾವಿರದ ಒಂಬೈನೂರ ಮೂವತ್ತನಾಲ್ಕರ ವೈಶಾಖ. ಶಿವಮೊಗ್ಗದ ಕೋಟೆಯ ಹಿಂದಿನ ಕೇರಿಯಲ್ಲಿ ನಲವತ್ತೆರಡು ಮನೆಯವರು ಕೂಡಿ ಮಾಡಿಸಿದ ಮದುವೆಯ ಪಾತ್ರೆಗಳು ಹಾಲಮ್ಮನ ಹಿತ್ತಿಲ ಕೋಣೆಯಲ್ಲಿರುತ್ತಿದ್ದವು. ಗಂಡ ತೀರಿಕೊಂಡ ವರ್ಷ ಕೇರಿಯವರು ಅವನ್ನು ಕಾಯುವ ಕೆಲಸ ಅವಳಿಗೆ ಒಪ್ಪಿಸಿದ್ದರು. ಪಾತ್ರೆ ಹೋಗುವಾಗ ತೂಗಿ ಕಳಿಸುತ್ತಿದ್ದಳು, ಬಂದಾಗ ತೂಗಿ ಒಳಗಿಡುತ್ತಿದ್ದಳು. ಓದು ಅಷ್ಟಾಗಿ ಬಾರದು. ಬೆರಳಿಟ್ಟು ಅಕ್ಷರ ಅಕ್ಷರವನ್ನೇ ಕೂಡಿಸಬೇಕು. ಗೋಡೆಯ ಮೇಲಿನ ಇದ್ದಿಲ ಗೆರೆಗಳೇ ಅವಳ ಪುಸ್ತಕ. ಹನ್ನೊಂದು ವರ್ಷದಲ್ಲಿ ಒಂದು ಸೌಟೂ ಕಳೆದಿರಲಿಲ್ಲ.

ಏಕಾಂತಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್. ವಯಸ್ಸು ಮೂವತ್ತೈದಿದ್ದೀತು, ಬೆನ್ನು ಮಾತ್ರ ಆಗಲೇ ಅರವತ್ತರದು. ಪಾಳಿ ಮುಗಿಸಿ ಬೆಳಗಿನ ರೈಲಿಗೆ ಬಂದವನು ಜಗಲಿಯ ಕಂಬಕ್ಕೆ ಒರಗಿ ಕೂತು, ಕಣ್ಣು ಮುಚ್ಚಿಕೊಂಡೇ ಹೇಳಿದ. ಪಂಪು ರಿಪೇರಿಗೆಂದು ಮಲ್ಪೆಗೆ ಹೋಗಿದ್ದಾಗ ಇಬ್ಬರು ಮೇಷ್ಟ್ರುಗಳ ಹಾಯಿದೋಣಿ ನೋಡಿದ್ದನಂತೆ. ಕಡಲಿನ ತಳದ ನೀರು ಯಾವಾಗ ತಣ್ಣಗಾಗುತ್ತದೆ, ಆಗ ಮೀನು ಎತ್ತ ಹೋಗುತ್ತದೆ ಎಂದು ತಿಳಿಯುವುದಕ್ಕೆ ಅವರು ಶೀಸೆಗೆ ಕಲ್ಲು ಕಟ್ಟಿ ಇಳಿಬಿಡುತ್ತಿದ್ದರು. ಶೀಸೆ ಮೇಲೆ ಬರುವಷ್ಟರಲ್ಲಿ ತಳದ ನೀರು, ಮೇಲಿನ ನೀರು ಎಲ್ಲ ಕಲೆತುಹೋಗುತ್ತಿತ್ತು.

"ಎರಡು ಕಡೆ ಮುಚ್ಚಳ ಇರೋ ಹಿತ್ತಾಳೆ ಕೊಳವೆ ಬೇಕು ಅಕ್ಕಾ. ತೆರೆದ ಹಾಗೇ ಇಳಿಬಿಡೋದು. ತಳ ಮುಟ್ಟಿದ ಮೇಲೆ ಹಗ್ಗದಗುಂಟ ಒಂದು ಗುಂಡು ಜಾರಿಸಿದ್ರೆ ಎರಡೂ ಟಪ್ ಅಂತ ಮುಚ್ಕೋಬೇಕು. ಜೊತೆಗೆ ಬೊಂಬಾಯಿಂದ ಒಂದು ಥರ್ಮಾಮೀಟರು."

"ಲಿಂಗ ಕಟ್ಕೊಂಡೋನಿಗೆ ಮೀನಿನ ಉಸಾಬರಿ ಯಾಕೋ ಮಾರಾಯ?"

"ನಮ್ಮ ಮನೆಯವಳೂ ಅದನ್ನೇ ಕೇಳಿದ್ಲು. ಕೇಳಿ, ಕೈಲಿದ್ದ ಎರಡು ಬಳೆ ಬಿಚ್ಚಿ ಕೊಟ್ಲು."

ಅವನ ಏರ್ಪಾಡು ಹೀಗಿತ್ತು: ಮಳೆಗಾಲದಲ್ಲಿ ದೋಣಿ ದಡ ಹತ್ತುತ್ತದೆ. ಆಗ ಉಪಕರಣಗಳು ಘಾಟಿ ಹತ್ತಿ ಶಿವಮೊಗ್ಗಕ್ಕೆ ಬರಬೇಕು. ಶಾಲೆಯವರು ಗಾಜನೂರಿನ ಮಡುವಿನಲ್ಲಿ, ಕಾರ್ಖಾನೆಯವರು ಭದ್ರೆಯಲ್ಲಿ ಇಳಿಬಿಟ್ಟು ನೋಡಬೇಕು. ಮಳೆ ನಿಂತ ಮೇಲೆ ಮತ್ತೆ ಕಡಲಿಗೆ. ಅಡಿಕೆ ಮಂಡಿಯ ಸುಬ್ಬಪ್ಪನವರು ಅರ್ಧ ಖರ್ಚು ಕೊಡುವುದಾಗಿ ಹೇಳಿದ್ದರು, ಆದರೆ, "ಕಡಲಿಗೆ ಹೋದದ್ದು ತಿರುಗಿ ಬಂದದ್ದುಂಟೇನಯ್ಯಾ? ಹಾಲಮ್ಮ ಹಂಡೆ ಜೊತೆ ಅದನ್ನೂ ನೋಡ್ಕೋತೀನಿ ಅಂದ್ರೆ ಕೊಡ್ತೀನಿ" ಎಂದಿದ್ದರು.

ಹಾಲಮ್ಮ ಅವನನ್ನು ಕೋಣೆಗೆ ಕರೆದು ದೊಡ್ಡ ಹಂಡೆಯ ಕಂಠ ತೋರಿಸಿದಳು. ಅಲ್ಲೊಂದು ಗೇಣು ಜಾಗಕ್ಕೆ ಕಲಾಯಿ ಬಳಿದಿತ್ತು.

"ಇದಕ್ಕೆ ಹೆಚ್ಚು ದುಡ್ಡು ಕೊಟ್ಟೋರು ಇಲ್ಲಿ ಹೆಸರು ಕೊರೆಸಿದ್ರು. ಯಾರ ಮನೆ ಮದುವೆ ಇರಲಿ, ಹಂಡೆ ಮೊದಲು ನಮಗೆ ಅಂತ ನಿಂತ್ರು. ಎರಡು ಮನೆಗೆ ಮಾತು ಬಿಟ್ಟುಹೋಯ್ತು. ಆಮೇಲೆ ನಾನೇ ತವರ ಹಾಕಿಸಿ ಮುಚ್ಚಿಸ್ದೆ. ಹೆಸರಿದ್ದ ಪಾತ್ರೆಗೆ ಒಡೆಯ ಇರ್ತಾನೆ ಏಕಾಂತಪ್ಪ. ನಿನ್ನ ಕೊಳವೆ ಮೇಲೆ ಯಾರ ಹೆಸರೂ ಇಲ್ಲ ಅಂದ್ರೆ ನೋಡ್ಕೋತೀನಿ."

"ಯಾರದ್ದೂ ಇರೋಲ್ಲ," ಎಂದ ಅವನು.

ಎರಡು ವರ್ಷ ಅಲೆದ. ವಾರದ ರಜೆಯೆಲ್ಲ ಊರಿನ ಜಗಲಿಗಳ ಮೇಲೆ ಕಳೆಯಿತು. ಕೊಡುವವರು ಕೊಟ್ಟರು, ಬೈಯುವವರು ಬೈದರು, "ನಾಳೆ ಬಾ" ಎನ್ನುವವರೇ ಹೆಚ್ಚು. ಅದರ ನಡುವೆ ಅವನ ಹೆಂಡತಿ ಶಕುಂತಲಮ್ಮ ಚಳಿಜ್ವರದಲ್ಲಿ ತೀರಿಕೊಂಡಳು. ಹನ್ನೊಂದರ ಶಾಸ್ತ್ರ ಮುಗಿಸಿ ಮಾರನೆಯ ವಾರ ಮತ್ತೆ ಬಂದು ಅದೇ ಕಂಬಕ್ಕೆ ಒರಗಿದ. ಹಾಲಮ್ಮ ಮಜ್ಜಿಗೆ ಕೊಟ್ಟಳು.

ಸುಬ್ಬಪ್ಪನವರು ಕೊನೆಯ ಕಂತು ಕೊಡುವಾಗ ಕೇಳಿದರಂತೆ: "ಅರ್ಧ ಕೊಡೋನು ನಾನು. ಇರುವೆ ಓದೋ ಅಷ್ಟು ಸಣ್ಣಕ್ಕಾದ್ರೂ ನನ್ನ ಹೆಸರು ಬೇಡ್ವೇನೋ?"

"ಬೇಡ ಸ್ವಾಮಿ, ಯಾರದ್ದೂ ಬೇಡ."

"ಯಾರದ್ದೂ ಇಲ್ಲ ಅಂದ್ರೆ ಸೈ. ಒಂದಿದ್ರೂ ನನ್ನ ದುಡ್ಡು ನನಗೆ ವಾಪಸ್."

ಮೂವತ್ತಾರರ ಕಾರ್ತೀಕದಲ್ಲಿ ಕೊಳವೆ ಬಂತು. ಏಕಾಂತಪ್ಪ ತಾನೇ ಲೇತಿನ ಮೇಲೆ ಕಡೆದದ್ದು. ಮಗುವನ್ನು ತರುವ ಹಾಗೆ ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ತಂದಿದ್ದ. ಹಾಲಮ್ಮ ತಕ್ಕಡಿಯಲ್ಲಿಟ್ಟು ತೂಗಿದಳು, ಗೋಡೆಗೆ ಗೆರೆ ಎಳೆದಳು, ತಿರುಗಿಸಿ ತಿರುಗಿಸಿ ನೋಡಿದಳು. ಕೆಳಗಿನ ಅಂಚಿನಲ್ಲಿ ಬೆರಳಿಗೆ ಏನೋ ತಡೆಯಿತು. ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಕೂಡಿಸಿದಳು. ಶ. ಕುಂ. ತ. ಮುಂದಿನದನ್ನು ಓದಬೇಕಾಗಿರಲಿಲ್ಲ.

"ಇದೇನೋ ಇದು?"

ಏಕಾಂತಪ್ಪ ಕೊಳವೆಯನ್ನು ತನ್ನ ಕಡೆ ಎಳೆದುಕೊಂಡ. "ಅವಳ ಬಳೆ ಇದರಲ್ಲಿದೆ ಅಕ್ಕಾ. ನೋಡೋಕೆ ಅವಳೇ ಉಳೀಲಿಲ್ಲ. ಎರಡು ವರ್ಷ ಎಲ್ಲರ ಬಾಯಿ ಮುಚ್ಚಿಸ್ದೆ. ನನ್ನ ಕೈ ಕಟ್ಟಿಹಾಕೋಕೆ ಆಗ್ಲಿಲ್ಲ."

"ನಾಳೆ ಬೆಳಿಗ್ಗೆ ಸುಬ್ಬಪ್ಪನೋರು ನೋಡೋಕೆ ಬರ್ತಾರೆ."

"ಗೊತ್ತು." ಅವನು ಜೇಬಿನಿಂದ ಸಣ್ಣ ಅರ ತೆಗೆದ. ಉಜ್ಜಿ ಅಳಿಸುವುದಕ್ಕೆಂದೇ ತಂದಿದ್ದ. ಅಂಚಿನ ಮೇಲೆ ಇಟ್ಟವನು ಹಾಗೇ ಇಟ್ಟುಕೊಂಡಿದ್ದ, ಕೈ ಆಡಲಿಲ್ಲ.

ಹಾಲಮ್ಮ ಅವನ ಕೈಯಿಂದ ಅರ ತೆಗೆದುಕೊಂಡಳು. "ಉಜ್ಜಿದ್ರೆ ಅಂಚು ತೆಳ್ಳಗಾಗುತ್ತೆ. ಮುಚ್ಚಳ ಸರಿಯಾಗಿ ಕೂರೋಲ್ಲ, ನೀರು ಸೋರುತ್ತೆ. ಮುಚ್ಚಳ ಬಿಚ್ಚಿಕೊಡು, ಕಲಾಯಿ ಸಾಬ್ರನ್ನ ಕರೀತೀನಿ."

ಮಾರನೆಯ ದಿನ ಸುಬ್ಬಪ್ಪನವರು ಕನ್ನಡಕ ಏರಿಸಿ ಕೊಳವೆಯ ಮೇಲೆ ಕೆಳಗೆ ನೋಡಿದರು. ಅಂಚಿನ ಕಲಾಯಿ ಫಳಫಳ ಎನ್ನುತ್ತಿತ್ತು. "ಹೆಸರಿಲ್ಲ. ಆದ್ರೆ ನನ್ನ ಮುಖ ಕಾಣ್ತದೆ. ಸಾಕು, ಕಳಿಸ್ರಯ್ಯಾ," ಎಂದರು. ಕೊಳವೆ ಮಲ್ಪೆಗೆ ಹೋಯಿತು.

ಜ್ಯೇಷ್ಠದಲ್ಲಿ ತಿರುಗಿ ಬಂತು. ಹಾಲಮ್ಮ ತೂಗಿದಾಗ ಚೂರು ಹಗುರವಾಗಿತ್ತು. ಉಪ್ಪುನೀರು ತವರ ತಿಂದಿತ್ತು. ಶಕುಂತಲಮ್ಮ ಮತ್ತೆ ಕಾಣುತ್ತಿದ್ದಳು. ಹಾಲಮ್ಮ ಭದ್ರಾವತಿಗೆ ಹೇಳಿಕಳಿಸಿದಳು. ಏಕಾಂತಪ್ಪ ಬಂದು ಮುಚ್ಚಳ ಬಿಚ್ಚಿದ, ಹೆಬ್ಬೆರಳನ್ನು ಆ ಅಕ್ಷರಗಳ ಮೇಲೆ ಒಮ್ಮೆ ಆಡಿಸಿದ. ಹಾಲಮ್ಮ ಒಲೆ ಉರಿ ನೋಡುವ ನೆಪದಲ್ಲಿ ಒಳಗೆ ಹೋಗಿ, ಎಸರು ಕುದಿಯುವಷ್ಟು ಹೊತ್ತು ಬಿಟ್ಟು ಬಂದಳು. ಆಮೇಲೆ ಕಲಾಯಿ. ಆಮೇಲೆ ಸುಬ್ಬಪ್ಪನವರು ಬಂದು ಮುಖ ನೋಡಿಕೊಂಡು ಹೋದರು.

ಹೀಗೆ ಆರು ಜ್ಯೇಷ್ಠ. ಪ್ರತಿ ಸಲ ಅವನು ಮೆಟ್ಟಿಲು ಹತ್ತುವುದು ನಿಧಾನವಾಯಿತು. ಅವಳೂ ತಕ್ಕಡಿ ಎತ್ತುವುದಕ್ಕೆ ಎರಡು ಕೈ ಹಚ್ಚತೊಡಗಿದಳು. ಮಲ್ಪೆಯ ಮೇಷ್ಟ್ರುಗಳಲ್ಲಿ ಒಬ್ಬರು ತೀರಿಹೋದರು, ಇನ್ನೊಬ್ಬರು ಕೆಲಸ ನಡೆಸಿದರು. ಯಾರೂ ಕೊಳವೆ ನನ್ನದು ಎನ್ನಲಿಲ್ಲ.

ನಲವತ್ತಮೂರರ ಜ್ಯೇಷ್ಠದಲ್ಲಿ ಹೇಳಿಕಳಿಸಿದರೂ ಏಕಾಂತಪ್ಪ ಬರಲಿಲ್ಲ. ಯುದ್ಧದಿಂದ ಬಜಾರಿನಲ್ಲಿ ತವರವೇ ಇರಲಿಲ್ಲ. ಕಲಾಯಿ ಸಾಬರು ಬೆಂಕಿ ಊದುವ ತಿದಿಯನ್ನು ಗೋಡೆಗೆ ನೇತುಹಾಕಿದ್ದರು. ಸುಬ್ಬಪ್ಪನವರ ಕಣ್ಣಿಗೆ ಪೊರೆ ಬಂದು ಅವರೂ ಮನೆ ಬಿಟ್ಟು ಹೊರಡುತ್ತಿರಲಿಲ್ಲ. ಆದರೂ ಹಾಲಮ್ಮ ಹಿಂದಿನ ವರ್ಷಗಳ ಚೂರುಪಾರು ಕೂಡಿಟ್ಟಿದ್ದಳು. ಅಡಿಕೆಯಷ್ಟು ತವರ, ಒಂದು ಸಲಕ್ಕೆ ಸಾಲುವಷ್ಟು. ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಕೊಳವೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಭದ್ರಾವತಿಯ ರೈಲು ಹತ್ತಿದಳು. ಮುಚ್ಚಳ ಬಿಚ್ಚುವುದು ಅವನಿಗೆ ಮಾತ್ರ ಗೊತ್ತಿತ್ತು.

ಕಾರ್ಖಾನೆಯ ಸಾಲುಮನೆಯಲ್ಲಿ ಅವನು ಚಾಪೆಯ ಮೇಲೆ ಮಲಗಿದ್ದ. ಕೆಮ್ಮಿಗೆ ಎದೆ ಎತ್ತಿ ಎತ್ತಿ ಬೀಳುತ್ತಿತ್ತು. ಎದ್ದು ಕೂರುವುದಕ್ಕೆ ಹೋದ, ಆಗಲಿಲ್ಲ. ಹಾಲಮ್ಮ ಬಟ್ಟೆ ಬಿಚ್ಚಿ ಕೊಳವೆಯನ್ನು ಅವನ ಪಕ್ಕಕ್ಕಿಟ್ಟಳು. ಅವನು ತಡವಿ ಅಂಚನ್ನು ಹುಡುಕಿ, ಹೆಬ್ಬೆರಳನ್ನು ಅಕ್ಷರಗಳ ಮೇಲಿಟ್ಟ. ಈ ಮನೆಯಲ್ಲಿ ನೆಪ ಮಾಡಿ ಹೋಗುವುದಕ್ಕೆ ಒಳಮನೆ ಇರಲಿಲ್ಲ, ಉರಿಯುವ ಒಲೆಯೂ ಇರಲಿಲ್ಲ. ಅವಳು ಅಲ್ಲೇ ಕೂತಳು, ಸೆರಗಿನ ಗಂಟನ್ನು ಅಂಗೈಯಲ್ಲಿ ಮುಚ್ಚಿಕೊಂಡು.

ಹೆಬ್ಬೆರಳನ್ನು ಅಕ್ಷರಗಳ ಮೇಲಿಂದ ತೆಗೆಯದೆಯೇ ಅವನು ಅವಳ ಕಡೆ ತಿರುಗಿದ.

"ಈ ವರ್ಷ ತವರ ಸಿಕ್ಕಿಲ್ಲ, ಅಲ್ವಾ ಅಕ್ಕಾ?"