ರಾಟರ್‌ಡ್ಯಾಮಿನಲ್ಲಿ ತತ್ತಿ ಮುಟ್ಟದ ಔಷಧ

ರಾಟರ್‌ಡ್ಯಾಮಿಗೆ ಬಂದ ಮೊದಲ ಬೆಳಿಗ್ಗೆಯೇ ಪ್ರಯೋಗಾಲಯದ ಮುಖ್ಯಸ್ಥರು ನನ್ನ ಕೈಗೊಂದು ಶೀಸೆ ಕೊಟ್ಟು, "ತತ್ತಿಯ ಹಳದಿಯಿಂದ ತೆಗೆದ ಕೊಬ್ಬು. ಇನ್ನು ಮುಂದೆ ಇದೇ ನಿನ್ನ ಕೆಲಸ" ಎಂದರು. ನಮ್ಮದು ನಿಪ್ಪಾಣಿ ಹತ್ತಿರದ ಭೋಜ ಎಂಬ ಹಳ್ಳಿಯ ಜೈನರ ಮನೆ. ಊರು ಬಿಡುವ ಮುಂಚೆ ಅವ್ವ ಬಸದಿಗೆ ಕರೆದೊಯ್ದು, ತತ್ತಿ ಮುಟ್ಟುವುದಿಲ್ಲವೆಂದು ನನ್ನಿಂದ ನೇಮ ಮಾಡಿಸಿದ್ದಳು. ಶೀಸೆಯನ್ನು ಹಾಗೇ ಮೇಜಿನ ಮೇಲಿಟ್ಟೆ.

ನಮ್ಮ ಕೆಲಸ ಲೈಪೊಸೋಮ್ ಮಾಡುವುದು. ಕರಿಗಡಬಿನೊಳಗೆ ಹೂರಣ ತುಂಬಿದ ಹಾಗೆ, ಕೊಬ್ಬಿನ ತೆಳು ಪೊರೆಯೊಳಗೆ ರೋಗಾಣು ಕೊಲ್ಲುವ ಔಷಧ ತುಂಬುತ್ತೇವೆ. ಕಣ್ಣಿಗೆ ಕಾಣದ ಈ ಗುಳ್ಳೆಗಳು ರಕ್ತದಲ್ಲಿ ತೇಲಿ ಸೋಂಕಿನ ಜಾಗ ಸೇರಿದರೆ, ಔಷಧ ಅಲ್ಲಿಯೇ ಹೆಚ್ಚು ಸಿಗುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಕಡಿಮೆ.

ಭೋಜದವರಿಗೆ ಮುಖಕ್ಕೇ ಹೇಳುವ ಚಟ. ಸೋಯಾಬೀನಿನ ಕೊಬ್ಬಿನಿಂದ ಮಾಡುತ್ತೇನೆ ಎಂದೆ. "ಡಾಟ್ ಕಾನ್" ಎಂದರು ಮುಖ್ಯಸ್ಥರು. ಡಚ್ ಭಾಷೆಯಲ್ಲಿ 'ಆಗಬಹುದು' ಎಂದರ್ಥ. "ಗುಳ್ಳೆ ಸೋರದೆ ನಿಲ್ಲದಿದ್ದರೆ ತತ್ತಿಗೆ ಬರಬೇಕು, ಇಲ್ಲವೇ ಊರಿಗೆ ಹೋಗಬೇಕು" ಎಂದೂ ಸೇರಿಸಿದರು.

ಗುಳ್ಳೆ ನಿಲ್ಲಲಿಲ್ಲ. ಸೋಯಾ ಪೊರೆಯಿಂದ ಔಷಧ ಸೋರಿಹೋಗುತ್ತಿತ್ತು. ನಾವು ಜೈನರು ಕತ್ತಲಾದ ಮೇಲೆ ಉಣ್ಣುವುದಿಲ್ಲ. ಊರಲ್ಲಿ ಹೊತ್ತು ಮುಳುಗುವ ಮೊದಲು ಉಣ್ಣುವುದು ಎಷ್ಟು ಸಲೀಸು! ಇಲ್ಲಿ ಚಳಿಗಾಲದಲ್ಲಿ ಸಂಜೆ ಚಹಾದ ಹೊತ್ತಿಗೇ ಕತ್ತಲು. ಸೋರುವ ಗುಳ್ಳೆ ಬಿಟ್ಟು ಕೋಣೆಗೆ ಓಡಿ, ಒಬ್ಬಳೇ ಕೂತು ಅನ್ನ ಬೇಳೆ ಉಂಡು, ಮತ್ತೆ ಬರುತ್ತಿದ್ದೆ. ಅವ್ವನ ನೆನಪಾಗಿ ಅಳು ಬರುತ್ತಿದ್ದುದೂ ಆಗಲೇ.

ಕೊನೆಗೆ, ಎಣ್ಣೆಯಿಂದ ವನಸ್ಪತಿ ಮಾಡುವಂತೆ ಜಲಜನಕ ಸೇರಿಸಿ ಗಟ್ಟಿ ಮಾಡಿದ ಸೋಯಾ ಕೊಬ್ಬು ತರಿಸಿದೆ. ಗುಳ್ಳೆ ನಿಂತಿತು! ಅದನ್ನು ಚುಚ್ಚಿದ ಮೇಲೆ, ಶ್ವಾಸಕೋಶದ ಸೋಂಕಿದ್ದ ಪ್ರಯೋಗದ ಇಲಿಗಳು ಚೇತರಿಸಿಕೊಂಡವು. ಗೆದ್ದೆ ಎಂದು ನಿಪ್ಪಾಣಿಯ ಮಾವನ ಮನೆಗೆ ಫೋನ್ ಹಚ್ಚಿದೆ. ನಮ್ಮ ಮನೆಯಲ್ಲಿ ಫೋನಿಲ್ಲದ್ದರಿಂದ, ಮೊದಲೇ ಹೇಳಿದಂತೆ ಅವ್ವ ಭೋಜದಿಂದ ಬಂದು ಅಲ್ಲಿ ಕಾಯುತ್ತಿದ್ದಳು.

ಎಲ್ಲ ಕೇಳಿ ಅವ್ವ ಅಂದಳು, "ತತ್ತಿ ಬಿಟ್ಟಿ, ಚಲೋ ಆತು. ಇಲಿಗೆ ರೋಗ ತಾನ ಬಂದಿತ್ತೇನ, ನೀವ ಹಚ್ಚೀರಿ?"

"ನಾವ ಹಚ್ಚೀವಿ, ಅವ್ವಾ."

"ಆರಾಮ ಆದ ಮ್ಯಾಲರೆ ಬಿಡ್ತೀರಿಲ್ಲೋ?"

"ಇಲ್ಲವ್ವಾ. ಕೊಯ್ದು ಪುಪ್ಪುಸ ನೋಡತೀವಿ, ಒಳಗ ರೋಗ ಉಳದೈತೇನ ಅಂತ. ಮುಂದ ಮಂದಿಗೆ ಕೊಡೂ ಔಷಧ ಅದು."

ಅವ್ವ ಅಂದಳು, "ಬಿಟ್ಟ ಬಾ ಅನ್ನೂದಿಲ್ಲ ನಾ. ಆದರ ಆ ದಿವಸ ಉಣಬ್ಯಾಡ."

ಈಗ ಇಲಿ ಕೊಯ್ಯುವ ದಿನ ನನಗೆ ಉಪವಾಸ. ಜೊತೆಯವರು 'ಬೋಟರ್‌ಹಮ್', ಅಂದರೆ ಬೆಣ್ಣೆ ಸವರಿದ ತಣ್ಣನೆಯ ಬ್ರೆಡ್ಡು, ನನಗೂ ಒಂದು ಚಾಚುತ್ತಾರೆ. ಬಿಸಿನೀರು ಸಾಕು ಎನ್ನುತ್ತೇನೆ. ಊರಲ್ಲಿ ಉಪವಾಸದ ದಿನ ಬಸದಿಗೆ ಹೋಗುತ್ತಿದ್ದೆ. ಇಲ್ಲಿ ಅದೇ ಹಸಿವಿನಲ್ಲಿ ಕತ್ತರಿ ಹಿಡಿಯುತ್ತೇನೆ.