ಕರ್ಪೂರ ಆರಿಸಿದ ದೊಡ್ಡಪ್ಪ

ಮೊನ್ನೆ ಮಳವಳ್ಳಿಯಲ್ಲಿ ಕುಡಿತ ಬಿಡಿಸುವ ಶಿಬಿರ ಮುಗಿಯುವ ದಿನ ತಂಗಿಯ ಮಗನನ್ನು ಕರೆತರಲು ಹೋಗಿದ್ದೆ. ಬಾಗಿಲಲ್ಲೇ ಕರ್ಪೂರದ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಆ ವಾಸನೆಗೆ ದೇವರು ನೆನಪಾಗಬಹುದು. ನನಗೆ ನೆನಪಾಗುವುದು ಪಕ್ಕದ ಮನೆಯ ದೊಡ್ಡಪ್ಪ...

ಎಪ್ಪತ್ತರ ದಶಕದ ಮಾತು. ಕಿರುಗಾವಲಿನ ಹತ್ತಿರ ನಮ್ಮೂರು. ದೊಡ್ಡಪ್ಪ ಆಲೆಮನೆಯಲ್ಲಿ ಒಲೆಗೆ ರಸ ಹಿಂಡಿ ಒಣಗಿಸಿದ ಕಬ್ಬಿನ ರಚ್ಚು ತಳ್ಳುತ್ತಿದ್ದರು. ನನ್ನನ್ನು ಕಂಡರೆ ಸಾಕು, "ಬಾರವ್ವ ಬೆಲ್ಲದಚ್ಚು" ಎಂದು ರೇಗಿಸಿ, ಬಿಸಿ ಬೆಲ್ಲವನ್ನು ಕಬ್ಬಿನ ತುಂಡಿಗೆ ಸುತ್ತಿ ಕೊಡುತ್ತಿದ್ದರು. ಕೆಲಸ ಬಿಟ್ಟ ಕೂಡಲೇ ಸಾರಾಯಿ ಅಂಗಡಿ. ಬರಬರುತ್ತಾ ಬೆಳಗ್ಗೆ ಎದ್ದರೂ ಅದೇ ಬೇಕಾಯಿತು, ಇಲ್ಲದಿದ್ದರೆ ಕೈ ನಡುಗುತ್ತಿತ್ತು.

ಪಾನನಿರೋಧ ಎತ್ತಿದ ಮೇಲೆ ಸರ್ಕಾರವೇ ವರ್ಷಾವರ್ಷ ಹರಾಜು ಕೂಗಿ ಕೊಡುತ್ತಿದ್ದ ಅಂಗಡಿ ಅದು. ಮುಚ್ಚಿಸಿ ಎಂದು ಹೆಂಗಸರು ನ್ಯಾಯಕ್ಕೆ ಬಂದಾಗ ಊರ ಯಜಮಾನರಾಗಿದ್ದ ನಮ್ಮಪ್ಪ, "ಸರ್ಕಾರದ ಅಂಗ್ಡಿ ಮುಚ್ಸಕ್ಕೆ ನಮ್ ಕೈಲಾಯ್ತದಾ? ಕುಡಿಯೋರ ಬಾಯಿ ಕಟ್ಟವ" ಎಂದರು. ಮಾರಿಗುಡಿಯ ಮುಂದೆ ಕುಡಿಯುವವರನ್ನೆಲ್ಲ ನಿಲ್ಲಿಸಿ, ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಆರಿಸಿ ಆಣೆ ಮಾಡಿಸಿದರು. ದೊಡ್ಡಪ್ಪನೇ ಮೊದಲಿಗರು. ಅಪ್ಪನನ್ನು ನೋಡಿ ಆ ದಿನ ನನಗೆ ಹೆಮ್ಮೆಯಾಗಿತ್ತು.

ಎರಡೇ ದಿನಕ್ಕೆ ದೊಡ್ಡಪ್ಪನ ಮೈಯೆಲ್ಲ ಅದುರತೊಡಗಿತು. ಇಲ್ಲದ ಇರುವೆಗಳನ್ನು ಕಂಬಳಿಯಿಂದ ಕೊಡವುತ್ತಿದ್ದರು. "ಒಂದ್ ಗುಟುಕು ಕೊಡ್ರಪ್ಪ, ಸತ್ತೋಯ್ತೀನಿ" ಎಂದು ಕೈಮುಗಿದು ಅತ್ತರು. ಅಂಥ ಗಟ್ಟಿ ಮನುಷ್ಯ... ದೊಡ್ಡಮ್ಮ ನಮ್ಮ ಜಗಲಿಗೆ ಓಡಿಬಂದು ಸೆರಗೊಡ್ಡಿದರು.

"ಅಣ್ಣ ಕರ್ಪೂರ ಆರ್ಸವ್ನೆ ಕಣತ್ಗೆ. ಈಗ ಕುಡುಸುದ್ರೆ ಆಣೆ ನಿನ್ ಮಕ್ಳಿಗೇ ತಗಲ್ತದೆ" ಎಂದರು ಅಪ್ಪ.

ಮಾರಮ್ಮನೇ ಚಟ ಬಿಡಿಸುತ್ತಿದ್ದಾಳೆಂದು ನಂಬಿ, ಊರವರು ದೊಡ್ಡಪ್ಪನನ್ನು ಕಂಬಕ್ಕೆ ಕಟ್ಟಿ ಬೇವಿನಸೊಪ್ಪು ಸವರಿದರು. ಮಾರನೆಯ ದಿನ ಫಿಟ್ಸ್ ಬಂತು. ಮಂಡ್ಯದ ಆಸ್ಪತ್ರೆಗೆ ಒಯ್ಯಲು ಬಸ್ಸು ಕಾಯುತ್ತಿದ್ದಾಗಲೇ ಜೀವ ಹೋಯಿತು. ಸಾರಾಯಿ ಅಂಗಡಿ ಅವರ ತಿಥಿಯ ದಿನವೂ ತೆರೆದೇ ಇತ್ತು.

ಅಷ್ಟು ಕುಡಿದ ಮೈ ಒಂದೇ ಸಲ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ, ಡಾಕ್ಟರ ಕೈಯಲ್ಲಿ ಮಾತ್ರೆ ತೆಗೆದುಕೊಂಡೇ ಬಿಡಬೇಕು ಎನ್ನುವುದು ನನಗೆ ಗೊತ್ತಾದದ್ದು ತಂಗಿಯ ಮಗನನ್ನು ಶಿಬಿರಕ್ಕೆ ಸೇರಿಸಿದ ದಿನ. ನಮಗೆ ತಿಳಿದಿರಲಿಲ್ಲ, ನಿಜ. ಆದರೆ ಕಣ್ಣೆದುರು ಒದ್ದಾಡುವವರನ್ನು ನೋಡುವುದಕ್ಕೆ ತಿಳಿವಳಿಕೆ ಯಾಕೆ ಬೇಕಿತ್ತು? ನೆನೆದರೆ ನಾಚಿಕೆಯಾಗುತ್ತದೆ.

ಮೊನ್ನೆ ಆ ಶಿಬಿರದಲ್ಲಿ ನಮ್ಮೂರಿನ ಹಿರಿಯರೊಬ್ಬರು ಮೈಕು ಹಿಡಿದು ಹುಡುಗರಿಗೆ ದೊಡ್ಡಪ್ಪನ ಕಥೆಯನ್ನೇ ಹೇಳಿದರು. "ಪ್ರಾಣ ಬುಟ್ರೇ ಹೊರ್ತು ಒಂದ್ ಗುಟುಕು ಮುಟ್ನಿಲ್ಲ. ಆಣೆ ಅಂದ್ರೆ ಅದು ಕಣ್ರಪ್ಪ." ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ದೊಡ್ಡಪ್ಪ ಬೇಡಿದ್ದರು. ಕೊಡದವರು ನಾವು.